ದ್ರಾಕ್ಷಿ ತೋಟದ ಕಾರ್ ಮ್ಯೂಸಿಯಂ ನೋಡಿ ಬಂದೆ, ಈಗ ನಮ್ಮ ಶೆಡ್ಡಿನ ಜೀಪು ಸುಮ್ನೆ ಬಿಡ್ತಿಲ್ಲ

ಕಾಡುಮಲ್ಲಿಗೆ, ಸಕಲೇಶಪುರ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆದಿದ್ದೇನೆ, ಕಾಫಿ ಹಿಡ್ಕೊಂಡು ಕೂತು ಓದಿ.

ಮಗ ಕೇಪ್‌ಟೌನ್‌ನಲ್ಲಿದ್ದಾನೆ. ಮೂರು ವರ್ಷದಿಂದ ಬನ್ನಿ ಬನ್ನಿ ಅಂತಿದ್ದ. ಪ್ರತಿ ಸಲ ಕುಯ್ಲು, ಆಳು, ಆನೆ ಅಂತ ಏನೋ ಒಂದು ಅಡ್ಡ. ಈ ಸಲ ತೋಟದ ರೊಬಸ್ಟಾ ಕಾಫಿ ಕುಯ್ಲು ಬೇಗ ಮುಗಿಯಿತು, ಫೆಬ್ರವರಿ ಕೊನೆಗೆ ನಾನೂ ನಮ್ಮ ಯಜಮಾನರೂ ಹೊರಟೆವು. ಅಲ್ಲಿ ಒಂದು ಬೆಳಿಗ್ಗೆ ಮಗ "ಇವತ್ತು ವೈನ್ ತೋಟಕ್ಕೆ ಹೋಗೋಣ" ಅಂದ. ನಾವಿಬ್ಬರೂ ಕುಡಿಯುವವರಲ್ಲ. ಇವರಂತೂ ಮುಖ ಗಂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ, ಸ್ಟೇರಿಂಗ್ ಬಲಗಡೆ. ಅದೊಂದೇ ಅವರಿಗೆ ಸಮಾಧಾನ.

ಊರಿನ ಹೆಸರು ಫ್ರಾನ್ಶ್‌ಹೂಕ್. ಕೇಪ್‌ಟೌನ್‌ನಿಂದ ಸುಮಾರು 80 ಕಿಲೋಮೀಟರ್. ಫ್ರೆಂಚರ ಮೂಲೆ ಅಂತ ಅರ್ಥ. 1688ರಲ್ಲಿ ಧರ್ಮದ ಹೆಸರಿನ ಹಿಂಸೆ ತಾಳಲಾರದೆ ಫ್ರಾನ್ಸ್ ಬಿಟ್ಟು ಬಂದವರು ಅಲ್ಲಿ ನೆಲೆ ನಿಂತರು. ಸುತ್ತ ಬೆಟ್ಟ, ನಡುವೆ ಸಾಲು ಸಾಲು ದ್ರಾಕ್ಷಿ. ನಮಗೆ ಆನೆ ಕಾಟ ಇದ್ದ ಹಾಗೆ ಅವರಿಗೆ ಬಬೂನ್ ಕಾಟವಂತೆ. ದ್ರಾಕ್ಷಿ ಸಿಹಿಯಾಗುವ ಹೊತ್ತಿಗೆ ಬೆಟ್ಟದಿಂದ ಗುಂಪು ಕಟ್ಟಿಕೊಂಡು ಇಳಿಯುತ್ತವೆ. ಇದನ್ನು ಕೇಳಿದ ಮೇಲೆ ಇವರ ಮುಖ ಸ್ವಲ್ಪ ಸಡಿಲವಾಯಿತು. ಬೇರೆಯವರ ತೋಟದಲ್ಲೂ ನಷ್ಟ ಇದೆ ಅಂದರೆ ಬೆಳೆಗಾರರಿಗೆ ಏನೋ ನೆಮ್ಮದಿ.

ಆ ತೋಟದ ಹೆಸರು ಲಾರ್ಮರಿನ್ಸ್, ರೂಪರ್ಟ್ ಕುಟುಂಬದ್ದು. ಅದರೊಳಗೇ ಕಾರ್ ಮ್ಯೂಸಿಯಂ ಇದೆ, 2007ರಲ್ಲಿ ಶುರುವಾದದ್ದು. ಅವರ ಹತ್ತಿರ 220ಕ್ಕೂ ಜಾಸ್ತಿ ಗಾಡಿಗಳಿವೆ, ಒಂದು ಸಲಕ್ಕೆ 80ರಷ್ಟು ಮಾತ್ರ ನೋಡಲು ಇಡುತ್ತಾರೆ. ನಾಲ್ಕು ದೊಡ್ಡ ಹಾಲ್. 1898ರ ಬೀಸ್ಟನ್ ಅನ್ನುವ ಮೂರು ಚಕ್ರದ ಗಾಡಿಯಿಂದ ಹಿಡಿದು ಫೆರಾರಿ ಎಂಜೋವರೆಗೂ ಇದೆ. ಮಗ ಸೀದಾ ಫೆರಾರಿ ಹತ್ತಿರ ಓಡಿದ. ಇವರು ಫೋರ್ಡ್ ಟಿ ಮಾಡೆಲ್ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ.

ಆ ಕಾರಿನಲ್ಲಿ ಕೆಳಗೆ ಮೂರು ಪೆಡಲ್ ಇದೆ, ಆದರೆ ಒಂದೂ ನಾವು ಅಂದುಕೊಂಡದ್ದಲ್ಲ. ಎಡಗಡೆಯದು ತುಳಿದರೆ ನಿಧಾನ ಗೇರು, ಬಿಟ್ಟರೆ ಜೋರು ಗೇರು. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕು. ಎಕ್ಸಲೇಟರ್ ಕಾಲಲ್ಲೇ ಇಲ್ಲ, ಸ್ಟೇರಿಂಗ್ ಕೆಳಗೆ ಕಡ್ಡಿ ಹಾಗೆ ಒಂದು ಲಿವರ್. ಇವರು ನಿಂತಲ್ಲೇ ಗಾಳಿಯಲ್ಲಿ ಕಾಲು ಆಡಿಸಿ ಆಡಿಸಿ ಅಭ್ಯಾಸ ಮಾಡಿದರು. ಪಕ್ಕದಲ್ಲಿದ್ದ ವಿದೇಶಿ ಹೆಂಗಸು ಇವರಿಗೆ ಕಾಲು ಜೋಮು ಹಿಡಿದಿದೆ ಅಂದುಕೊಂಡು ಕುರ್ಚಿ ಬೇಕಾ ಅಂತ ಕೇಳಿದಳು.

ಆಮೇಲೆ ಇನ್ನೊಂದು ಕಾರಿನ ಹತ್ತಿರ ಇವರು ಮಂಡಿ ಊರಿ ಕೂತು ಕೆಳಗೆ ಬಗ್ಗಿ ನೋಡಿದರು. ನೆಲದ ಮೇಲೆ ಒಂದೇ ಒಂದು ತೊಟ್ಟು ಎಣ್ಣೆ. ಹೊಸದು, ಇನ್ನೂ ಹೊಳೆಯುತ್ತಿತ್ತು. "ನೋಡೇ, ಇದು ಓಡ್ತದೆ" ಅಂದರು. ಅಷ್ಟೇ. ವಾಪಸ್ ಬರುವಾಗ ದಾರಿಯಿಡೀ ಮಾತಿಲ್ಲ. ನನಗೆ ಗೊತ್ತಾಯಿತು, ಮನಸ್ಸು ನಮ್ಮ ಶೆಡ್ಡಿಗೆ ಹೋಗಿದೆ ಅಂತ.

ನಮ್ಮ ಶೆಡ್ಡಿನಲ್ಲಿ ಮಾವನವರ ಜೀಪಿದೆ. ಆರ್‌ಸಿಯಲ್ಲಿ 1969 ಅಂತಿದೆ. ಮಾವ ತೀರಿಕೊಂಡ ಮೇಲೆ ಯಾರೂ ಹೊರಗೆ ತೆಗೆದಿಲ್ಲ, ಇಪ್ಪತ್ತು ವರ್ಷದ ಮೇಲಾಯಿತು. ಮೇಲೆ ಗೊಬ್ಬರದ ಚೀಲ, ಒಳಗೆ ಕೋಳಿ. ಹೋದ ತಿಂಗಳು ಒಂದು ಹೋಂಸ್ಟೇಯವರು ಬಂದು 60 ಸಾವಿರ ಕೊಡುತ್ತೇವೆ ಅಂದರು. ಓಡಿಸಲಿಕ್ಕಲ್ಲ ಮಾರಾಯ್ರೇ, ಗೇಟಿನ ಹತ್ತಿರ ನಿಲ್ಲಿಸಿ ಬಾನೆಟ್ಟಿನೊಳಗೆ ಹೂವಿನ ಗಿಡ ನೆಡಲಿಕ್ಕೆ. ಕೊಡೋದಾ? ರಿಪೇರಿ ಮಾಡಿಸೋದಾ? ಇದು ಮತ್ತೆ ಓಡುತ್ತದಾ? ತಿಳಿದವರು ಹೇಳಿ. ಎರಡು ಫೋಟೋ ಹಾಕಿದ್ದೇನೆ, ಕೋಳಿ ಬಂದಿದ್ದಕ್ಕೆ ಕ್ಷಮಿಸಿ.

ಚಾರ್ಮಾಡಿ ಮಂಜು, ಮೂಡಿಗೆರೆ:

ಅಕ್ಕ, ಕಾರು ನೋಡಲು ಅಷ್ಟು ದೂರ ಹೋಗಿದ್ದೀರಿ, ಧರ್ಮಸ್ಥಳದ್ದು ನೋಡಿದ್ದೀರಾ? ಕೊಟ್ಟಿಗೆಹಾರದಿಂದ ಘಾಟಿ ಇಳಿದರೆ ಆಯಿತು. ಹೆಗ್ಗಡೆಯವರು ಸೇರಿಸಿದ ಹಳೇ ಕಾರುಗಳು ಒಂದು ಕಡೆ, ಮಂಜೂಷಾ ಮ್ಯೂಸಿಯಂ ಇನ್ನೊಂದು ಕಡೆ. ಮಂಜೂಷಾದಲ್ಲಿ ತಾಳೆಗರಿ, ಗಡಿಯಾರ, ಕ್ಯಾಮೆರಾ, ನಾಣ್ಯ ಅಂತ ಒಂದು ದಿನ ಸಾಲದು. ನಾವು ಚಿಕ್ಕವರಿದ್ದಾಗ ದೇವಸ್ಥಾನದ ಕ್ಯೂ ತಪ್ಪಿಸಿಕೊಂಡು ಕಾರು ನೋಡಲು ಓಡುತ್ತಿದ್ದೆವು, ಅಜ್ಜಿ ಹುಡುಕಿಕೊಂಡು ಬಂದು ಕಿವಿ ಹಿಂಡುತ್ತಿದ್ದರು. ಈಗ ಮೈಸೂರು ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಬರೀ ಕಾರುಗಳ ಮ್ಯೂಸಿಯಂ ಆಗಿದೆ, ಅದೂ ಅವರದ್ದೇ.

ಟಿ ಮಾಡೆಲ್ ಬಗ್ಗೆ ಒಂದು ಮಜಾ ಸೇರಿಸುತ್ತೇನೆ. ಅದಕ್ಕೆ ಪೆಟ್ರೋಲ್ ಪಂಪ್ ಇರಲಿಲ್ಲ. ಹೆಚ್ಚಿನವುಗಳಲ್ಲಿ ಟ್ಯಾಂಕು ಸೀಟಿನ ಕೆಳಗೆ, ಅಲ್ಲಿಂದ ಪೆಟ್ರೋಲ್ ತಾನಾಗೇ ಇಳಿದು ಇಂಜಿನ್‌ಗೆ ಬರಬೇಕು. ಕಡಿದಾದ ಏರು ಬಂದು, ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ ಇಂಜಿನ್ನೇ ಟ್ಯಾಂಕಿಗಿಂತ ಮೇಲೆ ಹೋಗಿಬಿಡುತ್ತದೆ, ಗಾಡಿ ನಿಂತುಹೋಗುತ್ತದೆ. ಆಗ ಏನು ಮಾಡುತ್ತಿದ್ದರು ಹೇಳಿ? ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಬೆಟ್ಟ ಹತ್ತುತ್ತಿದ್ದರು. ಚಾರ್ಮಾಡಿಯ ತಿರುವುಗಳನ್ನು ಹಿಂದೆ ನೋಡಿಕೊಂಡು ಹತ್ತುವುದನ್ನು ನೆನೆಸಿಕೊಂಡರೇ ನನಗೆ ಕಾಲು ನಡುಗುತ್ತದೆ.

ಅರಸೀಕೆರೆ ತೆಂಗು:

ನನಗೊಂದು ಅರ್ಥ ಆಗಲ್ಲ. ಕುಡಿಯುವ ಜಾಗದಲ್ಲಿ ಕಾರು ಯಾಕೆ? ನಮ್ಮ ಕಡೆ ಎರಡನ್ನೂ ದೂರ ಇಡಿ ಅಂತ ಪೊಲೀಸರು ಬೋರ್ಡ್ ಹಾಕುತ್ತಾರೆ, ಅವರು ಒಂದೇ ಗೇಟಿನೊಳಗೆ ಇಟ್ಟು ಟಿಕೆಟ್ ತಗೊಳ್ಳುತ್ತಾರೆ. ದುಡ್ಡಿದ್ದವರ ಶೋಕಿ. ಬಡವರ ಜಮೀನು ಕೊಂಡು ಬೇಲಿ ಹಾಕಿ ಒಳಗೆ ಕಾರು ಇಟ್ಟರೆ ಅದು ಮ್ಯೂಸಿಯಂ, ನಮ್ಮ ಹಟ್ಟಿಯಲ್ಲಿ ಇಟ್ಟರೆ ಗುಜರಿ.

ಎರಡು ಸ್ಟ್ರೋಕ್, ಹಾಸನ:

ತೆಂಗು ಅಣ್ಣ, ಕೋಪ ಮಾಡ್ಕೋಬೇಡಿ. ಕೊನೆಯ ಮಾತು ಮಾತ್ರ ನೂರಕ್ಕೆ ನೂರು ಒಪ್ಪಿದೆ.

ಆದರೆ ವೈನ್ ಮತ್ತು ಗಾಡಿಗೆ ನಂಟು ಇದೆ, ಎರಡೂ ಹೊಲದಿಂದ ಬಂದದ್ದು. ಲ್ಯಾಂಬೋರ್ಗಿನಿ ಕಾರು ಶುರು ಮಾಡಿದ ಫೆರುಚ್ಚಿಯೋ ಮೊದಲು ಮಾಡುತ್ತಿದ್ದದ್ದು ಟ್ರ್ಯಾಕ್ಟರ್. ಕಾರು ಕಂಪನಿ 1963ರಲ್ಲಿ ಬಂತು. ಅದನ್ನೆಲ್ಲ ಮಾರಿ ಕೊನೆಗೆ ಏನು ಮಾಡಿದರು? ಇಟಲಿಯ ಉಂಬ್ರಿಯಾದಲ್ಲಿ ಕೆರೆ ದಂಡೆಯ ಹತ್ತಿರ ಜಮೀನು ತಗೊಂಡು ದ್ರಾಕ್ಷಿ ಬೆಳೆದು ವೈನ್ ಮಾಡಿದರು. ಆ ವೈನಿಗೆ ಜನ "ಮಿಯೂರಾದ ರಕ್ತ" ಅಂತಾರೆ, ಮಿಯೂರಾ ಅವರ ಕಾರಿನ ಹೆಸರು. ಫ್ರಾನ್ಸಿನ ಬೋನ್ ಪಟ್ಟಣದ ಪಕ್ಕ ಸವಿನ್ಯಿ ಅನ್ನುವ ಊರಲ್ಲಿ ವೈನ್ ಮಾಡುವ ಹಳೇ ಕೋಟೆಮನೆ ಇದೆ, ಅಲ್ಲಿ ರೇಸ್ ಕಾರು, ನೂರಾರು ಬೈಕು, ಸಾಲದ್ದಕ್ಕೆ ದ್ರಾಕ್ಷಿ ಬಳ್ಳಿ ಪಕ್ಕದಲ್ಲೇ ಹಳೇ ಯುದ್ಧವಿಮಾನಗಳು ನಿಂತಿವೆ. ದೊಡ್ಡ ದೊಡ್ಡ ಶೆಡ್ಡು ಇರುತ್ತದೆ, ಜಾಗ ಇರುತ್ತದೆ, ಕುಯ್ಲು ವರ್ಷಕ್ಕೊಂದೇ ಸಲ. ಉಳಿದ ಹತ್ತು ತಿಂಗಳು ಜನ ಬರಲು ಏನಾದರೂ ಬೇಕಲ್ವಾ.

ನನ್ನ ಕಥೆ ಬೇರೆ. ನನ್ನ ಹತ್ತಿರ ಅಪ್ಪನ ಯೆಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮಾಲು, ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರ್, ಹೊಸಬರಿಗೆ ಕೊಟ್ಟು ತಮಾಷೆ ನೋಡಬೇಕು. ಬೆಂಗಳೂರಿನ ಒಂದು ಗ್ಯಾರೇಜಿಗೆ "ಹೊಸದರ ಹಾಗೆ ಮಾಡಿಕೊಡಿ" ಅಂತ ಕೊಟ್ಟೆ. ಹನ್ನೊಂದು ತಿಂಗಳು ಇಟ್ಟುಕೊಂಡರು. ಪೇಂಟ್ ಕನ್ನಡಿ ಹಾಗಿತ್ತು, ನಿಜ. ಮನೆಗೆ ತಂದು ನೋಡಿದರೆ ಒರಿಜಿನಲ್ ಜಿಕೋವ್ ಕಾರ್ಬೊರೇಟರ್ ಮಾಯ, ಬದಲಿಗೆ ಯಾವುದೋ ಬೇರೆ ಬೈಕಿನದ್ದು. ಕೇಳಿದರೆ "ಅದು ಕೆಟ್ಟಿತ್ತು ಸರ್, ಎಸೆದ್ವಿ". ಎಸೆದಿಲ್ಲ, ಮಾರಿದ್ದಾರೆ. ಅಕ್ಕ, ಗಾಡಿ ಕೊಡುವ ಮುಂಚೆ ಒಂದೊಂದು ಪಾರ್ಟಿನದ್ದೂ ಫೋಟೋ ತೆಗೆದಿಡಿ. ಇಂಜಿನ್ ನಂಬರ್, ಚಾಸಿ ನಂಬರ್ ಕೂಡ.

ಸಂತೆಪೇಟೆ ಸ್ಪ್ಯಾನರ್, ಹಾಸನ:

ಮೇಡಂ, ಫೋಟೋ ನೋಡಿದೆ. ಬಾನೆಟ್ ಎತ್ತರ ಇದೆ. ಇದು ಮಹೀಂದ್ರದ ಸಿಜೆ3ಬಿ ಅನ್ನುವ ಜೀಪ್ ಮಾಡೆಲ್. ಇಂಜಿನ್ ತಲೆ ಎತ್ತರ ಆಗಿದ್ದಕ್ಕೆ ಬಾನೆಟ್ಟನ್ನೂ ಎತ್ತರ ಮಾಡಿದರು. ಗ್ರಿಲ್ಲಿನಲ್ಲಿ ಏಳು ಸೀಳು ಇದೆ. ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ, ಕೋಳಿ ಮೊಟ್ಟೆ ಇಟ್ಟಿರುವುದು ಬಹುಶಃ ಅದರ ಮೇಲೆಯೇ.

ಹೂವಿನ ಗಿಡಕ್ಕೆ ಕೊಡಬೇಡಿ. ಅದನ್ನು ಕೇಳಿ ನನಗೆ ರಾತ್ರಿ ಊಟ ಸೇರಲಿಲ್ಲ.

ಮೊದಲು ಗೊತ್ತಾಗಬೇಕಾದ್ದು ಒಂದೇ, ಇಂಜಿನ್ ಜಾಮ್ ಆಗಿದೆಯಾ ಇಲ್ವಾ ಅಂತ. ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಇಪ್ಪತ್ತು ವರ್ಷ ನಿಂತ ಸಿಲಿಂಡರಿನಲ್ಲಿ ತುಕ್ಕು ಕೂತಿರುತ್ತದೆ, ಒಣಗಿದ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಯನ್ನು ಕೆರೆದುಹಾಕುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡು ಮೂರು ಚಮಚ ಇಂಜಿನ್ ಆಯಿಲ್ ಬಿಡಿ. ತೂತಿನ ಬಾಯಿಗೆ ಬಟ್ಟೆ ತುರುಕಿ ಒಂದು ವಾರ ಮರೆತುಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದೆ ಬಂಪರಿನಲ್ಲಿ ಇರುವ ತೂತಿಗೆ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಅರ್ಧ ಯುದ್ಧ ಗೆದ್ದ ಹಾಗೆ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ ಬಿಡಿ, ಇನ್ನೊಂದು ವಾರ ಕಾಯಿರಿ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಬೇಡಿ, ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ. ಪ್ಲಗ್ ಬಿಚ್ಚಿದ್ದಾಗ ತೊಂದರೆ ಇಲ್ಲ. ಆದರೆ ಸ್ಟಾರ್ಟ್ ಮಾಡುವಾಗ ಇಂಜಿನ್ ಉಲ್ಟಾ ಹೊಡೆದರೆ ಹೆಬ್ಬೆರಳು, ಮಣಿಕಟ್ಟು ಎರಡೂ ಹೋಗುತ್ತದೆ. ನಮ್ಮ ಉಸ್ತಾದ್ ಮೊದಲ ದಿನ ಕಲಿಸಿದ್ದು ಇದನ್ನೇ, ಸ್ಪ್ಯಾನರ್ ನಂಬರ್ ಅಲ್ಲ. ಅಮೆರಿಕದಲ್ಲಿ 1912ರಲ್ಲೇ ಕ್ಯಾಡಿಲಾಕ್‌ಗೆ ಸೆಲ್ಫ್ ಬಂತು, ಹ್ಯಾಂಡಲ್‌ನಿಂದ ಕೈ ಮುರಿದುಕೊಂಡವರು ಅಷ್ಟು ಜನ ಇದ್ದರು.

ಇನ್ನೊಂದು. ನಿಮ್ಮದು ಪೆಟ್ರೋಲ್ ಇಂಜಿನ್ನೇ ಉಳಿದಿದೆಯಾ? ನಮ್ಮ ಕಡೆ ಎಷ್ಟೋ ಎಸ್ಟೇಟಿನವರು ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಬಾನೆಟ್ ಎತ್ತಿ ಒಂದು ಫೋಟೋ ಹಾಕಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪು, ಅದರಿಂದ ಹೊರಟ ವಯರುಗಳು ಕಂಡರೆ ಪೆಟ್ರೋಲು.

ಕಾಡುಮಲ್ಲಿಗೆ, ಸಕಲೇಶಪುರ:

ಸ್ಪ್ಯಾನರ್ ಅಣ್ಣ, ತುಂಬಾ ಥ್ಯಾಂಕ್ಸ್. ಬಾನೆಟ್ ಎತ್ತಿದೆವು. ಕ್ಯಾಪು ಇದೆ, ವಯರು ಇದೆ, ಅರ್ಧ ಇಲಿ ತಿಂದಿದೆ. ಪೆಟ್ರೋಲೇ. ಏರ್ ಫಿಲ್ಟರ್ ಒಳಗೆ ಇಲಿಗೂಡು. ಗೂಡಿನಲ್ಲಿ ನನ್ನ ಹಳೇ ಸೀರೆಯ ಅಂಚು ಸಿಕ್ಕಿತು, ಅದು ಕಳೆದುಹೋಯಿತು ಅಂತ ಕೆಲಸದವಳ ಮೇಲೆ ಎಷ್ಟು ಕೂಗಾಡಿದ್ದೆ ಆಗ. ಮೊಟ್ಟೆ ವಿಷಯ ಸರಿಯಾಗಿ ಹೇಳಿದಿರಿ, ಮೂರು ಇತ್ತು.

ತೆಂಗು ಅಣ್ಣ, ನಾವು ವೈನ್ ಕುಡಿಯಲು ಹೋಗಿದ್ದಲ್ಲ, ಆದರೂ ಸುಳ್ಳು ಯಾಕೆ, ಒಂದು ಗುಟುಕು ನಾನು ನೋಡಿದೆ. ಕಷಾಯಕ್ಕೆ ಹುಣಸೆ ಹಿಂಡಿದ ಹಾಗಿತ್ತು. ಪಕ್ಕದಲ್ಲಿ ಉಗಿಯಲು ಒಂದು ಪಾತ್ರೆ ಬೇರೆ ಇಡುತ್ತಾರೆ. ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಂಡು ಆಮೇಲೆ ಉಗಿಯುವುದು! ಊರಿನಲ್ಲಿ ತೋಟದಿಂದ ತೋಟಕ್ಕೆ ಕರೆದುಕೊಂಡು ಹೋಗುವ ಟ್ರ್ಯಾಮ್ ಇದೆ, ಹಾಗಾಗಿ ಕುಡಿದವರು ಗಾಡಿ ಓಡಿಸಬೇಕಾಗಿಲ್ಲ. ನನಗೆ ಇಷ್ಟವಾದದ್ದು ಪೀಪಾಯಿಗಳು. ಓಕ್ ಮರದ್ದು, ಒಂದಕ್ಕೆ 225 ಲೀಟರ್ ಹಿಡಿಯುತ್ತದೆ. ಆ ತಣ್ಣನೆ ಕೋಣೆಗೆ ಕಾಲಿಟ್ಟರೆ ಮಳೆಗಾಲದಲ್ಲಿ ನಮ್ಮ ಅಟ್ಟದ ಮೇಲೆ ಹಣ್ಣಾಗಲು ಇಟ್ಟ ಬಾಳೆಗೊನೆ ವಾಸನೆ.

ಬೆಳ್ಳಿಲೋಟ, ಚಿಕ್ಕಮಗಳೂರು:

ಕಾಡುಮಲ್ಲಿಗೆಯವರೇ, ಜೀಪಿನ ಬಗ್ಗೆ ನನಗೆ ಗೊತ್ತಿಲ್ಲ, ಮನೆಯೊಳಗಿನ ಸಾಮಾನಿನ ಬಗ್ಗೆ ಒಂದು ಮಾತು. ಹೋಂಸ್ಟೇಯವರು ಶೆಡ್ಡಿನವರೆಗೂ ಬಂದಿದ್ದಾರೆ ಅಂದರೆ ಅಡುಗೆಮನೆಗೂ ಬರುತ್ತಾರೆ. ನಮ್ಮ ಅಜ್ಜಿ ಮನೆಗೆ ಬಂದಿದ್ದರು. ಮೊದಲ ದಿನ ಸುಮ್ನೆ ನೀರು ಕೇಳಿಕೊಂಡು ಬಂದರು, ಎರಡನೇ ದಿನ ತೂಗುದೀಪದ ಸರಪಳಿ ಹಿಡಿದು ನೋಡಿದರು, ಮೂರನೇ ದಿನ ಹಿತ್ತಾಳೆ ಕೊಳಗ, ಸೇರು, ಪಾವು, ಮರದ ಪೆಟ್ಟಿಗೆ ಎಲ್ಲವನ್ನೂ ತೂಕಕ್ಕೆ ಹಾಕಿ ಒಟ್ಟು ಎಂಟು ಸಾವಿರ ಕೊಟ್ಟು ಹೋದರು, ಅಜ್ಜಿಗೋ ಸ್ಟೀಲ್ ಪಾತ್ರೆ ಹೊಸದಾಗಿ ಬಂತಲ್ಲ ಅಂತ ಖುಷಿ. ಆರು ತಿಂಗಳ ಮೇಲೆ ಒಂದು ರೆಸಾರ್ಟಿನ ರಿಸೆಪ್ಶನ್‌ನಲ್ಲಿ ಅದೇ ಕೊಳಗ ನೋಡಿದೆ. ತಳದಲ್ಲಿ ಅಜ್ಜನ ಹೆಸರಿನ ಮೊದಲ ಅಕ್ಷರ ಕೊರೆದದ್ದು ಹಾಗೇ ಇತ್ತು. ಅದರಲ್ಲಿ ಹೂವಿನ ಪಕಳೆ ತೇಲಿಬಿಟ್ಟಿದ್ದರು. ಇವರಿಗೆಲ್ಲ ಹೂವಿನ ಹುಚ್ಚು ಏನೋ.

ಕಾನೂನು ಕೂಡ ತಿಳಿದಿರಲಿ. ಪುರಾತನ ವಸ್ತುಗಳ ಕಾಯ್ದೆ 1972ರದ್ದು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಇಂಥವು ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು. ಹಸ್ತಪ್ರತಿಗೆ 75 ವರ್ಷ. ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಹಳೇ ದೇವರಕೋಣೆಯಲ್ಲಿ ಕಂಚಿನ ವಿಗ್ರಹ ಇದ್ದವರು ಯಾರಾದರೂ ಬಂದು ಬೆಲೆ ಕೇಳಿದ ತಕ್ಷಣ ಕೊಟ್ಟುಬಿಡಬೇಡಿ.

ಕೊಳ್ಳುವವರಿಗೂ ಒಂದು ಮಾತು. ಹಿತ್ತಾಳೆ ತುತ್ತೂರಿಯ ಗ್ರಾಮಫೋನ್ ಎಲ್ಲ ಅಂಗಡಿಯಲ್ಲೂ ಕಾಣುತ್ತದಲ್ಲ, ನಾಯಿ ಚಿತ್ರ ಅಂಟಿಸಿದ್ದು, ಅದರಲ್ಲಿ ಹೆಚ್ಚಿನವು ಈಚೆಗೆ ಮಾಡಿದ್ದು. ಹಳೇ ಸೂಟ್‌ಕೇಸ್ ಗ್ರಾಮಫೋನಿನ ಮೋಟಾರು ಕಿತ್ತು ಹೊಸ ಪೆಟ್ಟಿಗೆಗೆ ಹಾಕಿರುತ್ತಾರೆ. ತುತ್ತೂರಿ ಪಳಪಳ ಹೊಳೆಯುತ್ತಿದ್ದರೆ, ಮರಕ್ಕೆ ಹೊಸ ಪಾಲಿಷ್ ವಾಸನೆ ಬಂದರೆ ಕೈ ಮುಗಿದು ಬನ್ನಿ. ನಾನು ಒಂದು ಸಲ ಹನ್ನೆರಡು ಸಾವಿರ ಕೊಟ್ಟು ಕಲಿತ ಪಾಠ, ನಿಮಗೆ ಬಿಟ್ಟಿ.

ಚಾರ್ಮಾಡಿ ಮಂಜು, ಮೂಡಿಗೆರೆ:

ಬೆಳ್ಳಿಲೋಟ ಸರ್, ಆ ಕೊಳಗ ವಾಪಸ್ ಕೇಳಲಿಲ್ವಾ?

ಬೆಳ್ಳಿಲೋಟ, ಚಿಕ್ಕಮಗಳೂರು:

ಕೇಳಿದೆ. 14 ಸಾವಿರ ಅಂದರು. ಅದೊಂದಕ್ಕೇ.

ಕೆಎ ಹದಿನೆಂಟು:

ರಿಜಿಸ್ಟ್ರೇಷನ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 2021ರಲ್ಲಿ ಕೇಂದ್ರದವರು ವಿಂಟೇಜ್ ಗಾಡಿಗೆ ಬೇರೆ ನಿಯಮ ತಂದಿದ್ದಾರೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಬೈಕು, ಕಾರುಗಳಿಗೆ ಮಾತ್ರ. ಹೊಸದಾಗಿ ನೋಂದಣಿಗೆ 20,000, ನವೀಕರಣಕ್ಕೆ 5,000, ಹತ್ತು ವರ್ಷ ನಡೆಯುತ್ತದೆ. ಹೊಸ ನಂಬರ್ ಕೊಟ್ಟರೆ ಅದರಲ್ಲಿ ರಾಜ್ಯದ ಅಕ್ಷರ ಆದಮೇಲೆ ವಿಎ ಅಂತ ಬರುತ್ತದೆ. ಮುಂಚೆಯೇ ನೋಂದಣಿ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಅಕ್ಕ, ನಿಮ್ಮದು 1969 ಅಂದರೆ ನಂಬರ್ ಎಂವೈ ಅಂತ ಶುರುವಾಗಬೇಕು, ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ದಯವಿಟ್ಟು ಆ ಪ್ಲೇಟು ಎಸೆಯಬೇಡಿ.

ಎರಡು ವಿಷಯ ನೆನಪಿರಲಿ. ಚಾಸಿ, ಬಾಡಿ, ಇಂಜಿನ್ ಬದಲಾಯಿಸಿ ಏನೇನೋ ಮಾಡಿದ್ದರೆ ವಿಂಟೇಜ್ ಅಂತ ಒಪ್ಪುವುದಿಲ್ಲ. ಹಾಗಾಗಿ ಸ್ಪ್ಯಾನರ್ ಅಣ್ಣ ಡೀಸೆಲ್ಲಾ ಪೆಟ್ರೋಲಾ ಕೇಳಿದ್ದು ಸರಿ. ಇನ್ನೊಂದು, ಆ ನೋಂದಣಿಯಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ಬಾಡಿಗೆಗಂತೂ ಇಲ್ಲವೇ ಇಲ್ಲ.

ಅರಸೀಕೆರೆ ತೆಂಗು:

20,000 ಕಟ್ಟಿ ಪೆಟ್ರೋಲ್ ಬಂಕಿಗೆ ಮಾತ್ರ ಹೋಗಿ ಬರೋದು. ಚೆನ್ನಾಗಿದೆ.

ಆದರೆ ಕಾಡುಮಲ್ಲಿಗೆಯವರೇ, ನಿಮ್ಮ ಯಜಮಾನರು ಎಣ್ಣೆ ತೊಟ್ಟು ನೋಡಿದ್ದು ಓದಿ ನನಗೂ ಏನೋ ಆಯಿತು. ನಮ್ಮಪ್ಪನ ಅಂಬಾಸಿಡರ್ ಇತ್ತು. ಅದು ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಇಂಗ್ಲಿಷ್ ಕಾರು, ಉತ್ತರಪಾರದಲ್ಲಿ 2014ರವರೆಗೂ ಮಾಡಿದರು. ನಮ್ಮದನ್ನು 2003ರಲ್ಲಿ ಗುಜರಿಗೆ 11 ಸಾವಿರಕ್ಕೆ ಹಾಕಿದೆ. ನಾನೇ ಹಾಕಿದ್ದು. ಅಪ್ಪ ಅವತ್ತು ತೋಟದಿಂದ ಮನೆಗೆ ಬರಲೇ ಇಲ್ಲ, ರಾತ್ರಿ ಪಂಪ್‌ಹೌಸಿನಲ್ಲೇ ಮಲಗಿದರು. ಹಾಗಾಗಿ ಶೋಕಿ ಅಂತ ಬೈದದ್ದು ಸ್ವಲ್ಪ ಹೊಟ್ಟೆ ಉರಿಯಿಂದಲೇ ಅನ್ನಿ.

ಎರಡು ಸ್ಟ್ರೋಕ್, ಹಾಸನ:

ತೆಂಗು ಅಣ್ಣ 🙏

ಅಂದ ಹಾಗೆ ಅಕ್ಕ, ಅಲ್ಲಿ ಗಾಡಿಗಳ ಬಣ್ಣ, ಮರ ಎಲ್ಲ ಹೇಗಿತ್ತು? ಮೊದಮೊದಲ ಕಾರುಗಳ ಬಾಡಿ ಒಳಗೆ ಮರದ ಚೌಕಟ್ಟೇ ಇರುತ್ತಿತ್ತು, ಚಕ್ರದ ಕಡ್ಡಿಗಳೂ ಮರ. ನಮ್ಮ ಮಲೆನಾಡಿನ ಮಳೆಯಲ್ಲಿ ಅಂಥದ್ದನ್ನು ಇಟ್ಟರೆ ಎರಡು ವರ್ಷಕ್ಕೆ ಅಣಬೆ ಬರುತ್ತದೆ. ನಮ್ಮ ಯೆಜ್ಡಿ ಸೀಟಿನ ಮೇಲೆ ಆಗಸ್ಟ್‌ನಲ್ಲಿ ಬೂಷ್ಟು ಬರುತ್ತದೆ, ವರ್ಷ ವರ್ಷ.

ಕಾಡುಮಲ್ಲಿಗೆ, ಸಕಲೇಶಪುರ:

ಬಣ್ಣ ಎಲ್ಲ ಪಳಪಳ. ಆದರೆ ಕೆಲವು ಹಳೇ ಗಾಡಿಗಳ ಟೈರು ಬೆಳ್ಳಗಿತ್ತು, ನಾನು ಶೋಕಿಗೆ ಬಳಿದದ್ದು ಅಂದುಕೊಂಡೆ. ಮಗ ಹೇಳಿದ, ರಬ್ಬರಿನ ಬಣ್ಣವೇ ಮೊದಲು ಹಾಗಂತೆ, ಆಮೇಲೆ ಬಾಳಿಕೆ ಬರಲಿ ಅಂತ ಮಸಿ ಬೆರೆಸಲು ಶುರು ಮಾಡಿದ ಮೇಲೆ ಕಪ್ಪಾದದ್ದು.

ಮಳೆ ವಿಷಯ ನಿಜ. ಅಲ್ಲಿ ಬೇಸಿಗೆ ಒಣ, ಚಳಿಗಾಲದಲ್ಲಿ ಬರುವ ಮಳೆಯೂ ನಮ್ಮ ಮಲೆನಾಡಿನಷ್ಟು ಸುರಿಯುವುದಿಲ್ಲ.

ಈಗ ಹೊಸ ಸುದ್ದಿ. ಎಣ್ಣೆ ಬಿಟ್ಟು ಹತ್ತು ದಿನ ಆಗಿತ್ತು. ಇವತ್ತು ಬೆಳಿಗ್ಗೆ ಹ್ಯಾಂಡಲ್ ಹುಡುಕಿದರೆ ಅದು ಹಿತ್ತಲಿನ ಬಾಗಿಲಿಗೆ ಅಗುಳಿ ಆಗಿಹೋಗಿತ್ತು, ಇಷ್ಟು ವರ್ಷ ದಿನಾ ರಾತ್ರಿ ನಾನೇ ಹಾಕುತ್ತಿದ್ದದ್ದು! ಇವರು ಹೆಬ್ಬೆರಳು ಹೊರಗಿಟ್ಟು ಮೆಲ್ಲಗೆ ಒತ್ತಿದರು. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ಮೂರನೇ ಸಲ ಒಳಗಿನಿಂದ ಚರ್ ಅಂತ ಒಂದು ಸದ್ದು, ಹ್ಯಾಂಡಲ್ ಕಾಲು ಸುತ್ತು ಇಳಿಯಿತು. ಇವರು ಹಾಗೇ ಕೈ ಬಿಟ್ಟು ನಿಂತರು. ಮತ್ತೆ ಹಿಡಿದು ಅರ್ಧ ಸುತ್ತು. ಆಮೇಲೆ ಪೂರ್ತಿ ಒಂದು ಸುತ್ತು. ಪ್ಲಗ್ ತೂತಿನಿಂದ ಕೆಂಪು ನೀರಿನ ಹಾಗೆ ಎಣ್ಣೆ ಚಿಮ್ಮಿ ನನ್ನ ಸೆರಗಿಗೆ ಬಿತ್ತು. ಬೈಯಲಿಲ್ಲ ನಾನು.

ಇನ್ನೊಂದು ಸಿಕ್ಕಿತು. ಸೀಟು ಎತ್ತಿದಾಗ ಟ್ಯಾಂಕಿನ ಪಕ್ಕದ ಸಂದಿಯಲ್ಲಿ ಒಂದು ಬೀಡಿ ಡಬ್ಬಿ. ಒಳಗೆ ಮಾವನವರ ಕಾಫಿ ಪೂಲಿನ ಚೀಟಿಗಳು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಆಗ ನಾವು ಬೆಳೆದ ಕಾಫಿಯನ್ನು ನಮಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ, ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು, ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಬಂದಿರುತ್ತಿತ್ತು. ಪೂರ್ತಿ ಬಿಡುಗಡೆ ಆದದ್ದು ತೊಂಬತ್ತರ ದಶಕದ ನಡುವೆ. ಚೀಟಿ ಹಿಂದೆ ಪೆನ್ಸಿಲಿನಲ್ಲಿ ಮಾವ ಲೆಕ್ಕ ಬರೆದಿದ್ದಾರೆ: ಪೆಟ್ರೋಲು, ಗೊಬ್ಬರ, ಆಳು, ಕೊನೆಗೆ "ಪುಟ್ಟನ ಬೂಟು". ಪುಟ್ಟ ಅಂದರೆ ನಮ್ಮ ಯಜಮಾನರು. ಅವರು ಆ ಚೀಟಿ ಹಿಡಿದುಕೊಂಡು ಜೀಪಿನ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಆಯಿತು, ಕಾಫಿ ಕೊಟ್ಟರೆ ಆರಿಸಿ ಕುಡಿದರು.

ಬೆಳ್ಳಿಲೋಟ, ಚಿಕ್ಕಮಗಳೂರು:

ಆ ಚೀಟಿಗಳನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಗೆ, ಅಂಟಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಒಣ ಕಾಗದದ ನಡುವೆ ಇಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಚಿಕ್ಕಮಗಳೂರಿಗೆ ಬಂದರೆ ಕಾಫಿ ಬೋರ್ಡಿನ ಕಾಫಿ ಯಾತ್ರಾ ಮ್ಯೂಸಿಯಂ ನೋಡಿ, ಬೀಜದಿಂದ ಲೋಟದವರೆಗೆ ಎಲ್ಲ ತೋರಿಸಿದ್ದಾರೆ. ಆದರೆ ಪುಟ್ಟನ ಬೂಟು ಅಲ್ಲಿ ಇಲ್ಲ.

ಸಂತೆಪೇಟೆ ಸ್ಪ್ಯಾನರ್, ಹಾಸನ:

ತಿರುಗಿತಲ್ಲ! ಬೆಳಿಗ್ಗೆಯೇ ಓದಿದೆ, ಗ್ಯಾರೇಜಿನಲ್ಲಿ ಹುಡುಗರಿಗೆಲ್ಲ ಟೀ ಹೇಳಿದೆ.

ಈಗ ಅವಸರ ಬೇಡ. ಹಳೇ ಪೆಟ್ರೋಲ್ ಇದ್ದರೆ ಪೂರ್ತಿ ಇಳಿಸಿ, ಅದು ಈಗ ವಾರ್ನಿಷ್ ಆಗಿರುತ್ತದೆ. ಟ್ಯಾಂಕು ಬಿಚ್ಚಿ ತೊಳೆಯಬೇಕು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಎಲ್ಲ ಹೊಸದು ಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಭಾಗ ಎಥನಾಲ್ ಇದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ತುಂಬಾ ದಿನ ನಿಲ್ಲಿಸಿದರೆ ನೀರು ಎಳೆದುಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಉಜ್ಜಿ ಇಪ್ಪತ್ತು ಥೌ (ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ) ಗ್ಯಾಪ್ ಇಡಬೇಕು. ಸಿಲಿಂಡರುಗಳು ಫೈರಿಂಗ್ ಆಗುವ ಸರದಿ ಒಂದು, ಮೂರು, ನಾಲ್ಕು, ಎರಡು. ವಯರು ಹಾಕುವಾಗ ಇದು ತಪ್ಪಿದರೆ ಸೈಲೆನ್ಸರಿನಿಂದ ಗರ್ನಾಲು ಪಟಾಕಿ ಸದ್ದು.

ಎಲ್ಲಕ್ಕಿಂತ ಮೊದಲು ಬ್ರೇಕು. ಇಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಗೇರ್ ಹಾಕಿಬಿಡುತ್ತಾರೆ ಜನ, ನಿಮ್ಮ ಶೆಡ್ಡಿನ ಮುಂದೆ ಇಳಿಜಾರು ಇದೆ ಅಂತ ಫೋಟೋದಲ್ಲೇ ಕಾಣುತ್ತದೆ, ಆ ಇಳಿಜಾರಿನ ಕೊನೆಯಲ್ಲಿ ಕೆರೆಯೂ ಇದೆ. ಚಕ್ರಗಳ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ನಾಲ್ಕೂ ಜಾಮ್ ಆಗಿರುತ್ತದೆ, ಬರೆದಿಟ್ಟುಕೊಳ್ಳಿ.

ಭಾನುವಾರ ನಾನೇ ಬರುತ್ತೇನೆ. ಕೂಲಿ ಬೇಡ, ಊಟ ಹಾಕಿ ಸಾಕು. ಕೋಳಿಗಳಿಗೆ ಅಷ್ಟರಲ್ಲಿ ಬೇರೆ ಜಾಗ ನೋಡಿ. ಮತ್ತೆ ಆ ಹಿತ್ತಲಿನ ಬಾಗಿಲಿಗೂ ಒಂದು ಅಗುಳಿ.